ಕೆನಡಾದ ಹಳ್ಳಿಗಳ ಗ್ರೇನ್ ಎಲಿವೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲ್ಗರಿ, ರಿಜೈನಾ, ವಿನಿಪೆಗ್ ಕಡೆ ಕೆಲಸಕ್ಕೋ ಓದಿಗೋ ಹೋದ ನಮ್ಮವರು ಹೆದ್ದಾರಿ ಪಕ್ಕದಲ್ಲಿ ನಿಂತಿರುವ ಎತ್ತರದ ಮರದ ಕಟ್ಟಡದ ಫೋಟೊ ಕಳಿಸಿ "ಇದೇನು?" ಎಂದು ಕೇಳುತ್ತಾರೆ. ಉತ್ತರ ಎರಡು ಸಾಲಿನಲ್ಲಿ ಮುಗಿಯುವುದಿಲ್ಲ. ಆ ಕಟ್ಟಡದ ಹಿಂದೆ ರೈಲಿನ ಕಥೆ ಇದೆ, ಗೋಧಿಯ ಕಥೆ ಇದೆ. ಎಲ್ಲಕ್ಕಿಂತ ಜಾಸ್ತಿ, ತೂಕದಲ್ಲಿ ಮೋಸ ಆಗಬಾರದು ಎಂದು ಹಟ ಹಿಡಿದ ರೈತರ ಕಥೆ ಇದೆ. ಹಾಗಾಗಿ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಗ್ರೇನ್ ಎಲಿವೇಟರ್ ಅಂದರೆ ಏನು? ಸುಮ್ನೆ ಗೋದಾಮು ಅಂದರೆ ಸಾಲದಾ?

ಸಾಲದು. ಗೋದಾಮಿನಲ್ಲಿ ಧಾನ್ಯ ಮೂಟೆಯಲ್ಲಿ ಇರುತ್ತದೆ. ಹೊರುವುದಕ್ಕೆ ಆಳು ಬೇಕು, ಇಳಿಸುವುದಕ್ಕೆ ಆಳು ಬೇಕು. ಎಲಿವೇಟರ್‌ನಲ್ಲಿ ಮೂಟೆಯೇ ಇಲ್ಲ. ಗಾಡಿಯಿಂದ ಬಿಡಿ ಕಾಳು ಕೆಳಗಿನ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಸಾಲಾಗಿ ಲೋಹದ ಬಟ್ಟಲು ಕಟ್ಟಿದ ಉದ್ದನೆ ಬೆಲ್ಟ್ ಅದನ್ನು ಮೊಗೆದುಕೊಂಡು ಕಟ್ಟಡದ ನೆತ್ತಿಗೆ ಒಯ್ಯುತ್ತದೆ. ಮೇಲಿಂದ ಬೇಕಾದ ಕಣಜಕ್ಕೆ ಸುರಿಯುತ್ತದೆ. ಬೋಗಿ ಬಂದಾಗ ಕೊಳವೆ ತೆರೆದರೆ ಕಾಳು ತಾನಾಗಿಯೇ ಇಳಿದು ಬೋಗಿ ತುಂಬುತ್ತದೆ. ಒಮ್ಮೆ ಮೇಲೆತ್ತಿದರೆ ಮುಂದಿನ ಕೆಲಸ ಭೂಮಿಯ ಸೆಳೆತವೇ ಮಾಡುತ್ತದೆ. ಕಟ್ಟಡ ಅಷ್ಟು ಎತ್ತರ ಇರುವುದಕ್ಕೆ ಅದೇ ಕಾರಣ.

ಹಳ್ಳಿಯ ಎಲಿವೇಟರ್ ಸಾಮಾನ್ಯವಾಗಿ 70ರಿಂದ 80 ಅಡಿ ಎತ್ತರ ಇರುತ್ತಿತ್ತು. 25,000 ಬುಶೆಲ್ ಹಿಡಿಸುವುದು ಮಾಮೂಲಿ ಅಳತೆ, ಆಮೇಲಿನವು ಇನ್ನೂ ದೊಡ್ಡವು. ಒಂದು ಬುಶೆಲ್ ಗೋಧಿ ಅಂದರೆ 60 ಪೌಂಡ್, ನಮ್ಮ ಲೆಕ್ಕದಲ್ಲಿ 27 ಕೆಜಿ ಚಿಲ್ಲರೆ. ಅಂದರೆ ಒಂದು ಸಣ್ಣ ಎಲಿವೇಟರ್‌ನಲ್ಲೂ ಸುಮಾರು 680 ಟನ್ ಗೋಧಿ ಕೂರುತ್ತಿತ್ತು.

ಇದನ್ನು ಮೊದಲು ಕಟ್ಟಿದ್ದು ಯಾರು?

ಅಮೆರಿಕದ ಬಫಲೊ ನಗರದ ವ್ಯಾಪಾರಿ ಜೋಸೆಫ್ ಡಾರ್ಟ್ ಮತ್ತು ಎಂಜಿನಿಯರ್ ರಾಬರ್ಟ್ ಡನ್‌ಬಾರ್. 1842–43ರಲ್ಲಿ ಉಗಿ ಯಂತ್ರದಿಂದ ನಡೆಯುವ ಎಲಿವೇಟರ್ ಕಟ್ಟಿದರು. ಅಲ್ಲಿಯವರೆಗೆ ಹಡಗಿನಿಂದ ಕಾಳು ಇಳಿಸುವುದು ಹಮಾಲರ ಬೆನ್ನಿನ ಮೇಲೆ ನಡೆಯುತ್ತಿತ್ತು. ಬಟ್ಟಲು ಕಟ್ಟಿದ ಬೆಲ್ಟ್‌ನ ಉಪಾಯ ಮಾತ್ರ ಇನ್ನೂ ಹಳೆಯದು. ಆಲಿವರ್ ಇವಾನ್ಸ್ ಎಂಬಾತ ಅದನ್ನು 18ನೇ ಶತಮಾನದ ಕೊನೆಯಲ್ಲೇ ಹಿಟ್ಟಿನ ಗಿರಣಿಗಳಲ್ಲಿ ಬಳಸಿದ್ದ.

ಕೆನಡಾದ ಪ್ರೇರಿ ಬಯಲಿಗೆ ಯಾವಾಗ ಬಂತು?

1879ರಲ್ಲಿ, ಮ್ಯಾನಿಟೋಬಾದ ನಿವರ್‌ವಿಲ್ ಎಂಬ ಊರಿಗೆ. ವಿಲಿಯಂ ಹೆಸ್ಪೆಲರ್ ಕಟ್ಟಿಸಿದ್ದು. ಸುತ್ತಮುತ್ತ ನೆಲೆ ನಿಂತಿದ್ದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರ ಬೆಳೆ ಅಲ್ಲಿಗೆ ಬರುತ್ತಿತ್ತು. ಅದು ದುಂಡಗಿನ ಕಟ್ಟಡ, ನಾವು ಇಂದು ನೋಡುವ ಚೌಕ ಆಕಾರದ್ದಲ್ಲ. ಚೌಕ ಮಾದರಿಯ ಮೊದಲನೆಯದನ್ನು ಓಗಿಲ್ವಿ ಎಂಬ ಹಿಟ್ಟಿನ ಗಿರಣಿ ಕಂಪನಿ 1881ರಲ್ಲಿ ಗ್ರೆಟ್ನಾ ಊರಿನಲ್ಲಿ ಕಟ್ಟಿತು. ಆಮೇಲೆ ಎಲ್ಲರೂ ಅದೇ ಅಚ್ಚಿನಲ್ಲಿ ಕಟ್ಟಿದರು.

1885ರ ನವೆಂಬರ್‌ನಲ್ಲಿ ಕೆನಡಿಯನ್ ಪೆಸಿಫಿಕ್ ರೈಲಿನ ಹಳಿ ದೇಶದ ಉದ್ದಕ್ಕೂ ಕೂಡಿಕೊಂಡ ಮೇಲೆ ಎಲಿವೇಟರ್ ಕಟ್ಟುವುದಕ್ಕೆ ಭಾರಿ ವೇಗ ಬಂತು.

ಹತ್ತತ್ತು ಕಿಲೋಮೀಟರಿಗೆ ಒಂದೊಂದು ಯಾಕೆ ಕಟ್ಟಿದರು?

ಕುದುರೆ ಗಾಡಿಯ ಕಾರಣಕ್ಕೆ. ಕಾಳು ತುಂಬಿದ ಗಾಡಿ ಬೆಳಿಗ್ಗೆ ಹೊಲದಿಂದ ಹೊರಟು, ಎಲಿವೇಟರ್ ತಲುಪಿ, ಖಾಲಿ ಮಾಡಿ, ಸಂಜೆಯೊಳಗೆ ಮನೆ ಸೇರಬೇಕು. ಆ ದೂರವನ್ನು ಲೆಕ್ಕ ಹಾಕಿ ರೈಲು ಹಾದಿಯಲ್ಲಿ 10ರಿಂದ 16 ಕಿಲೋಮೀಟರಿಗೊಂದು ನಿಲ್ದಾಣ ಇಟ್ಟರು. ನಿಲ್ದಾಣದ ಪಕ್ಕ ಎಲಿವೇಟರ್ ಬಂತು, ಎಲಿವೇಟರ್ ಪಕ್ಕ ಅಂಗಡಿ, ಅಂಚೆ ಕಚೇರಿ, ಚರ್ಚು, ಶಾಲೆ ಬಂದವು. ಪ್ರೇರಿಯ ಎಷ್ಟೋ ಊರುಗಳು ಹುಟ್ಟಿದ್ದೇ ಹೀಗೆ. ಅಲ್ಲಿ ಊರಿಗೆ ಎಲಿವೇಟರ್ ಬಂದಿತು ಅನ್ನುವುದಕ್ಕಿಂತ ಎಲಿವೇಟರ್‌ಗೆ ಊರು ಬಂದಿತು ಅನ್ನುವುದೇ ಸರಿ.

ರೈತ ಗಾಡಿ ತಂದಾಗ ಒಳಗೆ ಏನೇನು ನಡೆಯುತ್ತಿತ್ತು?

ಕಟ್ಟಡದ ಒಂದು ಪಕ್ಕಕ್ಕೆ ತಗ್ಗು ಚಾವಣಿಯ ಓಣಿಯಂಥ ಜಾಗ. ಗಾಡಿ ಇಳಿಜಾರು ಹತ್ತಿ ಅದರೊಳಗೆ ಬರುತ್ತದೆ. ನಿಲ್ಲುವ ನೆಲವೇ ತಕ್ಕಡಿ. ಮೊದಲು ತುಂಬಿದ ಗಾಡಿಯ ತೂಕ. ಆಮೇಲೆ ಗಾಡಿಯ ಮೂತಿ ಮೇಲೆತ್ತುತ್ತಾರೆ. ಹಿಂದಿನ ಬಾಗಿಲು ತೆರೆದ ಕೂಡಲೇ ಕಾಳು ಕಬ್ಬಿಣದ ಜಾಲರಿ ಮೂಲಕ ಗುಂಡಿಗೆ ಬೀಳುತ್ತದೆ. ಮತ್ತೆ ಖಾಲಿ ಗಾಡಿಯ ತೂಕ. ಎರಡರ ವ್ಯತ್ಯಾಸವೇ ರೈತನ ಮಾಲು.

ಈ ನಡುವೆ ಎಲಿವೇಟರ್ ನೋಡಿಕೊಳ್ಳುವ ಕಂಪನಿಯ ಏಜೆಂಟ್ ಒಂದು ಡಬ್ಬಿಯಲ್ಲಿ ಸ್ಯಾಂಪಲ್ ಹಿಡಿದಿರುತ್ತಾನೆ. ಅದನ್ನು ಕಚೇರಿಗೆ ಒಯ್ದು ಕೈಜರಡಿಯಲ್ಲಿ ಆಡಿಸುತ್ತಾನೆ. ಕಳೆ ಬೀಜ, ಹೊಟ್ಟು, ಮುರುಕು ಕೆಳಗೆ ಬೀಳುತ್ತವೆ. ಅದನ್ನು ತೂಗಿ, ನೂರಕ್ಕೆ ಇಷ್ಟು ಕಸ ಎಂದು ಲೆಕ್ಕ ಹಾಕಿ, ಒಟ್ಟು ತೂಕದಲ್ಲಿ ಕಳೆಯುತ್ತಾನೆ. ಆಮೇಲೆ ಕಾಳಿನ ಬಣ್ಣ, ಗಟ್ಟಿತನ, ತೇವ, ಹಿಮಕ್ಕೆ ಸಿಕ್ಕಿದ ಗುರುತು ನೋಡಿ ದರ್ಜೆ ಹೇಳುತ್ತಾನೆ. 1ನೇ ದರ್ಜೆಗೂ 3ನೇ ದರ್ಜೆಗೂ ಬೆಲೆಯಲ್ಲಿ ಬಹಳ ಅಂತರ. ಇಡೀ ವರ್ಷದ ದುಡಿಮೆ ಆ ಒಂದು ಜರಡಿಯ ಮೇಲೆ, ಆ ಒಬ್ಬನ ಬಾಯಿ ಮಾತಿನ ಮೇಲೆ ನಿಂತಿರುತ್ತಿತ್ತು. ನಮ್ಮ ಎಪಿಎಂಸಿಯಲ್ಲಿ ಮಾಲು ಇಳಿಸಿ, ತೂಕದವನ ಮುಖ ನೋಡುತ್ತಾ, ಸೂಟು (ತೂಕದಲ್ಲಿ ಕಡಿತ) ಎಷ್ಟು ಹಿಡಿಯುತ್ತಾರೋ ಎಂದು ಕಾದು ನಿಂತವರಿಗೆ ಆ ಗಳಿಗೆಯನ್ನು ಬಿಡಿಸಿ ಹೇಳಬೇಕಿಲ್ಲ.

ವ್ಯವಹಾರ ಮುಗಿದ ಮೇಲೆ ಏಜೆಂಟ್ ಒಂದು ಚಕ್ರ ತಿರುಗಿಸುತ್ತಾನೆ. ಮೇಲೆ ನೆತ್ತಿಯಲ್ಲಿರುವ ಕೊಳವೆ ತಿರುಗಿ ಸರಿಯಾದ ಕಣಜದ ಬಾಯಿಗೆ ಕೂರುತ್ತದೆ. ಎಂಜಿನ್ ಶುರುವಾಗುತ್ತದೆ, ಬೆಲ್ಟ್ ಓಡುತ್ತದೆ. ಒಂದೊಂದು ದರ್ಜೆಗೆ ಒಂದೊಂದು ಕಣಜ. ಬೆರೆತರೆ ಕೆಟ್ಟಿತು.

ಮೇಲೆ ಹೋಗಿ ನೋಡಬೇಕಾದರೆ ಏಣಿ ಇದೆ, ಇಲ್ಲವೇ ಒಬ್ಬನೇ ನಿಲ್ಲುವಷ್ಟು ಅಗಲದ ಹಲಗೆ ಲಿಫ್ಟ್. ಅದಕ್ಕೆ ಮೋಟರ್ ಇಲ್ಲ. ಇನ್ನೊಂದು ತುದಿಗೆ ಏಜೆಂಟನ ತೂಕಕ್ಕೆ ಸರಿಯಾಗಿ ಭಾರ ಕಟ್ಟಿರುತ್ತದೆ, ಹಗ್ಗ ಹಿಡಿದು ಎಳೆದುಕೊಂಡು ಹೋಗಬೇಕು. ಏಜೆಂಟನ ಭಾರಕ್ಕೆ ಹೊಂದಿಸಿದ ಲಿಫ್ಟ್‌ನಲ್ಲಿ ಬೇರೆಯವರು ಹತ್ತಿ ಬ್ರೇಕ್ ಬಿಟ್ಟರೆ ಅಪಾಯ.

ಬೋಗಿಗೆ ತುಂಬುವುದು ಸುಲಭವೇ?

ಹೊರಗಿನಿಂದ ನೋಡಿದರೆ ಸುಲಭ. ಆದರೆ 1970ರ ದಶಕದವರೆಗೂ ಧಾನ್ಯ ಹೋಗುತ್ತಿದ್ದುದು ಸಾಮಾನ್ಯ ಡಬ್ಬಿ ಬೋಗಿಯಲ್ಲಿ. ಪಕ್ಕದಲ್ಲಿ ದೊಡ್ಡ ಬಾಗಿಲು. ಒಳಗಿನಿಂದ ಹಲಗೆ ಹೊಡೆದು ಆ ಬಾಗಿಲನ್ನು ಮುಚ್ಚದಿದ್ದರೆ ಕಾಳು ದಾರಿಯುದ್ದಕ್ಕೂ ಸೋರಿ ಹೋಗುತ್ತದೆ. ಮೊದಲು ಬೋಗಿಯನ್ನು ಗುಡಿಸಿ, ಸಂದಿ ಬಿರುಕು ಹುಡುಕಿ ಮುಚ್ಚಬೇಕು. ಎಂಜಿನ್ ಇಲ್ಲದ ಹೊತ್ತಿನಲ್ಲಿ ಬೋಗಿಯನ್ನು ಮುಂದೆ ತಳ್ಳುವುದಕ್ಕೂ ಹಾರೆಯಂಥ ಸಲಕರಣೆ ಚಕ್ರದ ಕೆಳಗೆ ಕೊಟ್ಟು ಮೀಟಬೇಕು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಈ ಕೆಲಸ ನಡೆಯುತ್ತಿತ್ತು. 1972ರಿಂದ ಕೆನಡಾ ಸರ್ಕಾರ ದುಂಡು ಹೊಟ್ಟೆಯ ಹಾಪರ್ ಬೋಗಿಗಳನ್ನು ಕೊಂಡಿತು. ಅವುಗಳಿಗೆ ಮೇಲಿಂದ ಸುರಿದು ಕೆಳಗಿಂದ ಬಿಟ್ಟರೆ ಆಯಿತು.

ಮರದ ಕಟ್ಟಡ ಅಷ್ಟು ಭಾರ ಹೇಗೆ ತಡೆಯುತ್ತದೆ?

ಗೋಡೆಯನ್ನು ಹಲಗೆ ನಿಲ್ಲಿಸಿ ಕಟ್ಟಿಲ್ಲ, ಮಲಗಿಸಿ ಕಟ್ಟಿದ್ದಾರೆ. ಹಲಗೆಯ ಮೇಲೆ ಹಲಗೆ ಚಪ್ಪಟೆಯಾಗಿ ಇಟ್ಟು ಉದ್ದನೆ ಮೊಳೆ ಹೊಡೆಯುತ್ತಾ ನೆತ್ತಿವರೆಗೂ ಹೋಗಿದ್ದಾರೆ. ಕಾಳು ನೀರಿನ ಹಾಗೆ ಪಕ್ಕಕ್ಕೂ ಒತ್ತುತ್ತದೆ, ಒತ್ತಡ ಜಾಸ್ತಿ ಇರುವುದು ಬುಡದಲ್ಲಿ. ಹಾಗಾಗಿ ಬುಡದಲ್ಲಿ 8 ಇಂಚು ಅಗಲದ ಹಲಗೆ, ಅದರ ಮೇಲೆ 6 ಇಂಚಿನದು, ಇನ್ನೂ ಮೇಲೆ 4 ಇಂಚಿನದು. ಹಳೆಯ ಎಲಿವೇಟರ್ ಒಡೆದು ಬಿದ್ದ ಜಾಗದಲ್ಲಿ ಈ ಪದರಗಳು ಚೆನ್ನಾಗಿ ಕಾಣುತ್ತವೆ. ಮೊಳೆಗೆ ಹೋದ ಹಣವೇ ಸಣ್ಣದಲ್ಲ ಅನ್ನಿಸುತ್ತದೆ.

ನೆಲ ಸರಿ ಇಲ್ಲದಿದ್ದರೆ ಗೋಡೆ ಎಷ್ಟೇ ಗಟ್ಟಿಯಿದ್ದರೂ ಉಪಯೋಗವಿಲ್ಲ. ಇದಕ್ಕೆ ಪ್ರಸಿದ್ಧ ಉದಾಹರಣೆ ವಿನಿಪೆಗ್ ಪಕ್ಕದ ಟ್ರಾನ್ಸ್‌ಕೋನಾ. ಅದು ಹಳ್ಳಿಯ ಎಲಿವೇಟರ್ ಅಲ್ಲ, ರೈಲು ಕಂಪನಿಯ 10 ಲಕ್ಷ ಬುಶೆಲ್‌ನ ಕಾಂಕ್ರೀಟ್ ಕಟ್ಟಡ. 1913ರ ಅಕ್ಟೋಬರ್‌ನಲ್ಲಿ ಮೊದಲ ಸಲ ತುಂಬುತ್ತಿದ್ದಾಗ ಕೆಳಗಿನ ಜೇಡಿಮಣ್ಣು ಕುಸಿದು ಇಡೀ ಕಟ್ಟಡ ಸುಮಾರು 27 ಡಿಗ್ರಿ ವಾಲಿತು. ಆದರೆ ಒಡೆಯಲಿಲ್ಲ. ಕಾಳು ಖಾಲಿ ಮಾಡಿ, ಕೆಳಗೆ ಹೊಸ ಕಂಬಗಳನ್ನು ಕೊಟ್ಟು, ನಿಧಾನವಾಗಿ ನೆಟ್ಟಗೆ ನಿಲ್ಲಿಸಿ ಮತ್ತೆ ಬಳಸಿದರು. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ತಳಪಾಯದ ಪಾಠದಲ್ಲಿ ಈ ಹೆಸರು ಸಿಕ್ಕಿರುತ್ತದೆ.

ರೈತರಿಗೂ ಎಲಿವೇಟರ್ ಕಂಪನಿಗಳಿಗೂ ಜಗಳ ಯಾಕೆ ಬಂತು?

ಇಡೀ ವಿಷಯದ ಜೀವ ಇರುವುದು ಈ ಪ್ರಶ್ನೆಯಲ್ಲಿ.

ರೈಲು ಕಂಪನಿಗೆ ಬೋಗಿ ಬೇಗ ತುಂಬಬೇಕಿತ್ತು. ಹಾಗಾಗಿ 25,000 ಬುಶೆಲ್ ಹಿಡಿಸುವ, ಯಂತ್ರ ಇರುವ ಎಲಿವೇಟರ್ ಯಾರು ಕಟ್ಟುತ್ತಾರೋ ಅವರಿಗೆ ಹಳಿ ಪಕ್ಕದ ಜಾಗ ಕೊಟ್ಟಿತು. ಅಂಥ ಎಲಿವೇಟರ್ ಇರುವ ಊರಲ್ಲಿ ರೈತ ನೇರವಾಗಿ ಬೋಗಿಗೆ ತುಂಬುವುದಕ್ಕೂ ಬಿಡಲಿಲ್ಲ, ಸಣ್ಣ ಗೋದಾಮಿನಿಂದ ತುಂಬುವುದಕ್ಕೂ ಬಿಡಲಿಲ್ಲ. ಅಂದರೆ ಊರಿನಲ್ಲಿ ಕೊಳ್ಳುವವರು ಒಬ್ಬರೋ ಇಬ್ಬರೋ. ತೂಕ ಅವರದೇ, ದರ್ಜೆ ಅವರದೇ, ಕಸದ ಲೆಕ್ಕವೂ ಅವರದೇ. ಬೇಡ ಎಂದರೆ ರೈತ ಮುಂದಿನ ಊರಿಗೆ ಗಾಡಿ ಹೊಡೆಯಬೇಕು. ಅಲ್ಲಿಯೂ ಅದೇ ಕಂಪನಿ.

ರೈತರ ದೂರು ಹೆಚ್ಚಾದ ಮೇಲೆ 1900ರಲ್ಲಿ ಮ್ಯಾನಿಟೋಬಾ ಧಾನ್ಯ ಕಾಯ್ದೆ ಬಂತು. ಬೇಕಾದ ರೈತ ಸ್ವಂತ ಬೋಗಿ ಕೇಳಿ, ನಿಲ್ದಾಣದ ಕಟ್ಟೆಯಿಂದ ತಾನೇ ತುಂಬಬಹುದು ಎಂದಾಯಿತು. ಮುಂದಿನ ವರ್ಷ, 1901ರಲ್ಲಿ, ಭರ್ಜರಿ ಬೆಳೆ. ಬೋಗಿಗಳು ಸಾಲಲಿಲ್ಲ. ಇದ್ದ ಬೋಗಿಗಳು ಎಲಿವೇಟರ್ ಕಂಪನಿಗಳ ಪಾಲಾದವು. ರೈತರ ಗೋಧಿ ಹೊಲದಲ್ಲೇ ಹಾಳಾಯಿತು. ಆ ಡಿಸೆಂಬರ್‌ನಲ್ಲಿ, ಇಂದಿನ ಸಸ್ಕ್ಯಾಚೆವಾನ್‌ನ ಇಂಡಿಯನ್ ಹೆಡ್ ಎಂಬ ಊರಿನಲ್ಲಿ ಡಬ್ಲ್ಯು. ಆರ್. ಮದರ್‌ವೆಲ್ ಮುಂತಾದವರು ಸೇರಿ ರೈತರ ಸಂಘ ಶುರು ಮಾಡಿದರು.

ಸಂಘದ ಒತ್ತಾಯಕ್ಕೆ ಕಾಯ್ದೆ ಇನ್ನೂ ಬಿಗಿಯಾಯಿತು. ನಿಲ್ದಾಣದಲ್ಲಿ ಒಂದು ಪುಸ್ತಕ ಇಡಬೇಕು, ಯಾರು ಮೊದಲು ಹೆಸರು ಬರೆಸಿದರೋ ಅವರಿಗೆ ಮೊದಲು ಬೋಗಿ. ಕಂಪನಿಯಾದರೂ ಸರದಿ, ರೈತನಾದರೂ ಸರದಿ. 1902ರ ಸುಗ್ಗಿಯಲ್ಲಿ ರೈಲು ಕಂಪನಿ ಇದನ್ನು ಪಾಲಿಸಲಿಲ್ಲ. ಸಂಘದವರು ಸಿಂಟಲುಟಾ ಎಂಬ ಸಣ್ಣ ಊರಿನ ರೈಲು ಏಜೆಂಟ್ ಮೇಲೆ ಕೇಸು ಹಾಕಿದರು. ಗೆದ್ದರು. ದಂಡ 50 ಡಾಲರ್ ಮಾತ್ರ. ಆದರೆ ತೀರ್ಪು ಮೇಲಿನ ಕೋರ್ಟಿನಲ್ಲೂ ನಿಂತಿತು. ದೇಶದ ಅತಿ ದೊಡ್ಡ ಕಂಪನಿ ಹಳ್ಳಿ ರೈತರ ಸರದಿ ಪುಸ್ತಕಕ್ಕೆ ತಲೆಬಾಗಬೇಕಾಯಿತು. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ ಇದೇ. ಸ್ವಂತ ಬೋಗಿ ಕೇಳುವ ಆ ಹಕ್ಕು ಕೆನಡಾದ ರೈತರಿಗೆ ಇಂದಿಗೂ ಇದೆ.

1912ರಲ್ಲಿ ಕೆನಡಾ ಧಾನ್ಯ ಕಾಯ್ದೆ ಬಂತು. ಅದರ ಕೆಳಗೆ ಒಂದು ಮಂಡಳಿ ಬಂತು. ಏಜೆಂಟ್ ಹೇಳಿದ ದರ್ಜೆ ಅಥವಾ ಕಸದ ಲೆಕ್ಕ ಒಪ್ಪಿಗೆಯಾಗದಿದ್ದರೆ ಸ್ಯಾಂಪಲ್ ಅನ್ನು ಸರ್ಕಾರಿ ತಪಾಸಣೆಗೆ ಕಳಿಸುವ ದಾರಿ ರೈತನಿಗೆ ಸಿಕ್ಕಿತು. ಅಲ್ಲಿಂದ ಬಂದ ಉತ್ತರಕ್ಕೆ ಇಬ್ಬರೂ ಬದ್ಧರು.

ರೈತರೇ ಎಲಿವೇಟರ್ ಇಟ್ಟುಕೊಂಡಿದ್ದರಾ?

ಇಟ್ಟುಕೊಂಡಿದ್ದರು, ಅದೂ ಸಾವಿರಾರು. ಸಿಂಟಲುಟಾದವನೇ ಆದ ಇ. ಎ. ಪಾರ್ಟ್ರಿಜ್ 1905ರಲ್ಲಿ ವಿನಿಪೆಗ್ ಧಾನ್ಯ ವಿನಿಮಯ ಕೇಂದ್ರಕ್ಕೆ ಹೋಗಿ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನೋಡಿಕೊಂಡು ಬಂದ. 1906ರಲ್ಲಿ ರೈತರದೇ ಧಾನ್ಯ ಕಂಪನಿ ಶುರುವಾಯಿತು. 1917ರಲ್ಲಿ ಅದು ಆಲ್ಬರ್ಟಾದ ಸಹಕಾರಿ ಎಲಿವೇಟರ್ ಕಂಪನಿಯ ಜೊತೆ ಕೂಡಿ ಯುನೈಟೆಡ್ ಗ್ರೇನ್ ಗ್ರೋವರ್ಸ್ ಆಯಿತು. ಸಸ್ಕ್ಯಾಚೆವಾನ್‌ನಲ್ಲಿ 1911ರಿಂದಲೇ ಬೇರೊಂದು ಸಹಕಾರಿ ಕಂಪನಿ ಇತ್ತು.

ಆಮೇಲೆ ಬಂದದ್ದು ಗೋಧಿ ಪೂಲ್‌ಗಳು. ಆಲ್ಬರ್ಟಾದಲ್ಲಿ 1923, ಪ್ರೇರಿಯ ಮಿಕ್ಕ ಎರಡು ಪ್ರಾಂತ್ಯಗಳಾದ ಸಸ್ಕ್ಯಾಚೆವಾನ್, ಮ್ಯಾನಿಟೋಬಾಗಳಲ್ಲಿ 1924. ಎಲ್ಲರ ಗೋಧಿಯನ್ನೂ ಒಟ್ಟಿಗೆ ಮಾರಿ, ಮೊದಲು ಒಂದಿಷ್ಟು ಮುಂಗಡ ಕೊಟ್ಟು, ವರ್ಷದ ಕೊನೆಗೆ ಉಳಿದದ್ದನ್ನು ಹಂಚುವುದು ಪದ್ಧತಿ. ಕೆಲವು ವರ್ಷ ಚೆನ್ನಾಗಿ ನಡೆಯಿತು. 1929ರ ನಂತರ ಗೋಧಿ ಬೆಲೆ ಪಾತಾಳಕ್ಕೆ ಬಿತ್ತು. ಕೊಟ್ಟ ಮುಂಗಡಕ್ಕಿಂತ ಮಾರಿದ ಬೆಲೆಯೇ ಕಮ್ಮಿಯಾಯಿತು. ಸರ್ಕಾರಗಳು ಕೈ ಹಿಡಿದದ್ದಕ್ಕೆ ಪೂಲ್‌ಗಳು ಉಳಿದವು, ಆದರೆ ಒಟ್ಟಿಗೆ ಮಾರುವ ಕೆಲಸ ಕೈಬಿಟ್ಟು ಎಲಿವೇಟರ್ ನಡೆಸುವ ಸಹಕಾರ ಸಂಘಗಳಾಗಿ ಮುಂದುವರಿದವು. ಮಾರಾಟದ ಕೆಲಸ 1935ರಲ್ಲಿ ಹುಟ್ಟಿದ ಕೆನಡಿಯನ್ ವೀಟ್ ಬೋರ್ಡ್‌ಗೆ ಹೋಯಿತು. 1943ರಿಂದ ಗೋಧಿಯನ್ನು ಅದಕ್ಕೇ ಮಾರಬೇಕು ಎಂದಾಯಿತು. ಆ ಕಡ್ಡಾಯ 2012ರ ಆಗಸ್ಟ್ 1ರಂದು ಕೊನೆಯಾಯಿತು. ಅದು ಸರಿಯೋ ತಪ್ಪೋ ಎಂದು ಅಲ್ಲಿನ ರೈತರು ಇನ್ನೂ ವಾದ ಮಾಡುತ್ತಾರೆ.

ಆ ನೆಲದ ಮೂಲನಿವಾಸಿಗಳ ಗತಿ ಏನಾಯಿತು?

ಇದನ್ನು ಕೇಳುವವರು ಕಮ್ಮಿ, ಕೇಳಲೇಬೇಕಾದ ಪ್ರಶ್ನೆ. ಪ್ರೇರಿ ಬಯಲು ಖಾಲಿ ಇರಲಿಲ್ಲ. ಕ್ರೀ, ಬ್ಲ್ಯಾಕ್‌ಫೂಟ್, ಅಸ್ಸಿನಿಬೊಯಿನ್ ಮುಂತಾದ ಜನರ ನೆಲ ಅದು. 1871ರಿಂದ 1877ರವರೆಗೆ ಸರ್ಕಾರ ಅವರೊಂದಿಗೆ ಒಂದರ ಹಿಂದೆ ಒಂದು ಒಪ್ಪಂದ ಮಾಡಿಕೊಂಡಿತು. ಮೀಸಲು ಜಾಗಗಳಿಗೆ ಸರಿದವರಲ್ಲಿ ಅನೇಕರು ಬೇಸಾಯ ಕಲಿತು ಒಳ್ಳೆಯ ಗೋಧಿ ಬೆಳೆದರು. ಆಗ ಸರ್ಕಾರ ಪರ್ಮಿಟ್ ಪದ್ಧತಿ ತಂದಿತು. ಮೀಸಲು ಜಾಗದ ರೈತ ತನ್ನ ಕಾಳನ್ನು ಮಾರಬೇಕಾದರೆ ಸರ್ಕಾರಿ ಅಧಿಕಾರಿಯ ಚೀಟಿ ಬೇಕು. 1889ರ ಹೊತ್ತಿಗೆ ಅವರಿಗೆ ಸಣ್ಣ ತುಂಡು ಜಮೀನು, ಕೈ ಸಲಕರಣೆಯಷ್ಟೇ ಸಾಕು ಎನ್ನುವ ನೀತಿಯೂ ಬಂತು, ಪಕ್ಕದ ಹೊಲದಲ್ಲಿ ವಲಸಿಗರು ಯಂತ್ರ ಬಳಸುತ್ತಿದ್ದರೂ. ಸಿಂಟಲುಟಾದ ರೈತ ಸರದಿಗಾಗಿ ಕೋರ್ಟಿಗೆ ಹೋಗುವ ಹೊತ್ತಿನಲ್ಲಿ ಪಕ್ಕದ ಮೀಸಲು ಜಾಗದ ರೈತನಿಗೆ ಎಲಿವೇಟರ್ ಬಾಗಿಲಿಗೆ ಬರುವುದಕ್ಕೇ ಅನುಮತಿ ಬೇಕಿತ್ತು. ಪರ್ಮಿಟ್‌ನ ಆ ಕಲಮು ಕಾನೂನು ಪುಸ್ತಕದಿಂದ ಹೋದದ್ದು 2014ರಲ್ಲಿ.

ಇದಕ್ಕೂ ಭಾರತಕ್ಕೂ ಏನಾದರೂ ನಂಟಿದೆಯಾ?

ಇದೆ. ಪ್ರೇರಿಯಲ್ಲಿ ಬೇಸಿಗೆ ಚಿಕ್ಕದು. ರೆಡ್ ಫೈಫ್ ಎಂಬ ಗೋಧಿ ರುಚಿಯಲ್ಲೂ ಹಿಟ್ಟಿನಲ್ಲೂ ಒಳ್ಳೆಯದು, ಆದರೆ ಮಾಗುವುದರೊಳಗೆ ಹಿಮ ಬೀಳುತ್ತಿತ್ತು. ಅದನ್ನು ಭಾರತದಿಂದ ಹೋದ ಹಾರ್ಡ್ ರೆಡ್ ಕ್ಯಾಲ್ಕಟಾ ಎಂಬ ಬೇಗ ಮಾಗುವ ಗೋಧಿಯ ಜೊತೆ ಬೆರೆಸಿ ಹೊಸ ತಳಿ ಮಾಡಿದರು. ಅದೇ ಮಾರ್ಕ್ವಿಸ್. ಚಾರ್ಲ್ಸ್ ಸಾಂಡರ್ಸ್ ಒಟ್ಟಾವದ ಸರ್ಕಾರಿ ಫಾರಂನಲ್ಲಿ 1904ರಿಂದ ಅದನ್ನು ಆರಿಸಿ ಬೆಳೆಸಿದ. ಒಂದು ವಾರಕ್ಕೂ ಮೊದಲೇ ಮಾಗುವ ಈ ಗೋಧಿ ಕೆಲವೇ ವರ್ಷಗಳಲ್ಲಿ ಪ್ರೇರಿ ತುಂಬಾ ಹರಡಿತು. ಎಲಿವೇಟರ್‌ಗಳು ಉತ್ತರ ಉತ್ತರಕ್ಕೆ ಹಬ್ಬಿದ್ದರಲ್ಲಿ ಅದರ ಪಾಲು ದೊಡ್ಡದು.

ಈಗ ನಂಟು ತಿರುಗಿ ನಮ್ಮ ಕಡೆ ಬಂದಿದೆ. ಭಾರತ ತರಿಸಿಕೊಳ್ಳುವ ಮಸೂರ್ ಬೇಳೆ, ಹಳದಿ ಬಟಾಣಿಯಲ್ಲಿ ದೊಡ್ಡ ಪಾಲು ಕೆನಡಾದ್ದು, ಅದರಲ್ಲೂ ಸಸ್ಕ್ಯಾಚೆವಾನ್‌ದು. ನಮ್ಮಲ್ಲಿ ಆಮದು ಸುಂಕ ಏರಿದರೆ ಅಲ್ಲಿನ ರೈತ ಬಿತ್ತನೆಯ ಲೆಕ್ಕ ಬದಲಿಸುತ್ತಾನೆ.

ಬಣ್ಣ ನೋಡಿ ಯಾವ ಕಂಪನಿಯದು ಎಂದು ಹೇಳಬಹುದಾ?

ಎಷ್ಟೋ ಸಲ ಹೇಳಬಹುದು. ಆಲ್ಬರ್ಟಾ ಪೂಲ್‌ನದು ತಿಳಿ ಹಸಿರು. ಪಯನಿಯರ್ ಕಂಪನಿಯದು ಕಿತ್ತಳೆ ಗೋಡೆ, ಹಳದಿ ಸೂರು. ಇನ್ನೂ ಹಳೆಯವು ಗೂಡ್ಸ್ ಬೋಗಿಯ ಕೆಂಪು. ಕಟ್ಟಡದ ಎದೆಯ ಮೇಲೆ ಕಂಪನಿಯ ಹೆಸರಿನ ಜೊತೆ ಊರಿನ ಹೆಸರೂ ದೊಡ್ಡದಾಗಿ ಇರುತ್ತಿತ್ತು. ಮಾರಾಟ ಆದಾಗೆಲ್ಲ ಮೇಲೆ ಹೊಸ ಬಣ್ಣ ಬಳಿದರು. ಈಗ ಬಣ್ಣ ಉದುರಿ ಒಂದರ ಕೆಳಗೆ ಇನ್ನೊಂದು ಹೆಸರು ಇಣುಕುತ್ತದೆ. ತಗಡು ಹೊದಿಸಿದ ಗೋಡೆ ಕಂಡರೆ ಅದು ಅಲಂಕಾರಕ್ಕಲ್ಲ, ರೈಲು ಎಂಜಿನ್‌ನ ಕಿಡಿಯಿಂದ ಮರ ಉಳಿಸಲು.

ಏಜೆಂಟ್ ಕೆಲಸ ಅಪಾಯದ್ದಾ?

ಬಹಳ. ಧಾನ್ಯದ ದೂಳು ಗಾಳಿಯಲ್ಲಿ ತುಂಬಿದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಅದಕ್ಕೇ ಎಷ್ಟೋ ಕಡೆ ಎಂಜಿನ್ ಮತ್ತು ಕಚೇರಿಯನ್ನು ಬೇರೆ ಕೊಠಡಿಯಲ್ಲಿ ಇಟ್ಟರು. ಬೆಲ್ಟ್‌ಗೆ ಬಟ್ಟೆ ಸಿಕ್ಕಿ ಕೈ ಹೋದವರಿದ್ದಾರೆ. ಕಣಜದಲ್ಲಿ ಕಾಳು ಇಳಿಯುತ್ತಿರುವಾಗ ಒಳಗೆ ನಿಂತವನು ಕೆಲವೇ ಸೆಕೆಂಡುಗಳಲ್ಲಿ ಸೊಂಟದವರೆಗೆ ಹೂತುಹೋಗುತ್ತಾನೆ, ಆಮೇಲೆ ಕೈಯಿಂದ ಎಳೆದು ತೆಗೆಯಲು ಆಗುವುದಿಲ್ಲ. ವರ್ಷಗಟ್ಟಲೆ ದೂಳು ಕುಡಿದ ಶ್ವಾಸಕೋಶದ ಕಾಯಿಲೆ ಬೇರೆ.

ಇಷ್ಟಾದರೂ ಊರಿನಲ್ಲಿ ಏಜೆಂಟ್‌ಗೆ ತೂಕ ಇತ್ತು. ಒಳ್ಳೆಯ ಏಜೆಂಟ್ ಇದ್ದರೆ ರೈತರು ಕಂಪನಿ ನೋಡದೆ ಅವನ ಹತ್ತಿರವೇ ಗಾಡಿ ಹೊಡೆಯುತ್ತಿದ್ದರು. ಕಲ್ಲಿದ್ದಲು, ಹುರಿ, ಆಮೇಲೆ ಗೊಬ್ಬರ, ಎಲ್ಲ ಅಲ್ಲೇ ಸಿಗುತ್ತಿತ್ತು. ಮಳೆ ಬಾರದ ದಿನ ಕೂತು ಮಾತಾಡುವ ಜಾಗವೂ ಅದೇ.

ಒಂದು ಕಾಲಕ್ಕೆ ಎಷ್ಟಿದ್ದವು? ಯಾಕೆ ಮಾಯವಾದವು?

1930ರ ದಶಕದ ಆರಂಭದಲ್ಲಿ ಸುಮಾರು 5,700. ಈಗ ಪರವಾನಗಿ ಇರುವ ಎಲಿವೇಟರ್‌ಗಳು ಕೆಲವು ನೂರು ಮಾತ್ರ, ಅವುಗಳಲ್ಲಿ ಬಹುಪಾಲು ಕಾಂಕ್ರೀಟ್ ಮತ್ತು ಉಕ್ಕಿನವು.

ಮೊದಲ ಪೆಟ್ಟು ಲಾರಿಯದು. ಕುದುರೆ ಗಾಡಿ ಹೋದ ಮೇಲೆ ಹತ್ತು ಕಿಲೋಮೀಟರಿಗೊಂದು ಎಲಿವೇಟರ್ ಬೇಕಿರಲಿಲ್ಲ. ಆದರೂ ದಶಕಗಳ ಕಾಲ ಉಳಿದವು. ಕಾರಣ ರೈಲು ಬಾಡಿಗೆ. ಸರ್ಕಾರ ರೈಲು ಕಂಪನಿಯೊಂದಿಗೆ ಮಾಡಿಕೊಂಡ 1897ರ ಕ್ರೋಸ್ ನೆಸ್ಟ್ ಪಾಸ್ ಒಪ್ಪಂದದಿಂದ ಬಂದ ಕಡಿಮೆ ದರದಲ್ಲಿ ಧಾನ್ಯ ಸಾಗುತ್ತಿತ್ತು. ರೈಲು ಕಂಪನಿಗಳಿಗೆ ಕವಲು ಹಾದಿಗಳು ನಷ್ಟ, ಆದರೂ ಸರ್ಕಾರ ಸುಲಭವಾಗಿ ಮುಚ್ಚಲು ಬಿಡಲಿಲ್ಲ. 1983ರ ಕಾಯ್ದೆ ಆ ಹಳೆಯ ದರವನ್ನು ತೆಗೆದು, ಬದಲಿಗೆ ಸರ್ಕಾರಿ ಸಹಾಯಧನ ತಂದಿತು. 1995ರಲ್ಲಿ ಆ ಸಹಾಯಧನವೂ ನಿಂತಿತು. ಅದಾದ ಮೇಲೆ ಕವಲು ಹಾದಿಗಳ ಹಳಿ ಕಿತ್ತರು. ಹಳಿ ಹೋದ ಊರಲ್ಲಿ ಎಲಿವೇಟರ್‌ಗೆ ಕೆಲಸವಿಲ್ಲ. ಒಂದೇ ಕಡೆ ನೂರಕ್ಕೂ ಹೆಚ್ಚು ಬೋಗಿಯ ಇಡೀ ರೈಲನ್ನು ತುಂಬುವ ದೈತ್ಯ ಕೇಂದ್ರಗಳು ಬಂದವು.

ಕಂಪನಿಗಳೂ ಒಂದನ್ನೊಂದು ನುಂಗಿದವು. ಆಲ್ಬರ್ಟಾ, ಮ್ಯಾನಿಟೋಬಾ ಪೂಲ್‌ಗಳು 1998ರಲ್ಲಿ ಕೂಡಿ ಅಗ್ರಿಕೋರ್ ಆದವು. 2001ರಲ್ಲಿ ಯುನೈಟೆಡ್ ಗ್ರೇನ್ ಗ್ರೋವರ್ಸ್ ಸೇರಿ ಅಗ್ರಿಕೋರ್ ಯುನೈಟೆಡ್. 2007ರಲ್ಲಿ ಅದನ್ನು ಸಸ್ಕ್ಯಾಚೆವಾನ್ ಪೂಲ್ ಕೊಂಡು ವಿಟೆರಾ ಎಂದು ಹೆಸರಿಟ್ಟುಕೊಂಡಿತು. 2012ರಲ್ಲಿ ಗ್ಲೆನ್‌ಕೋರ್ ಅದನ್ನು ಕೊಂಡಿತು. ರೈತರ ಷೇರಿನಿಂದ ಎದ್ದ ಸಂಸ್ಥೆ ಒಂದು ಶತಮಾನದೊಳಗೆ ಜಾಗತಿಕ ವ್ಯಾಪಾರ ಕಂಪನಿಯ ಕೈ ಸೇರಿತು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಆದರೆ ಎಲ್ಲ ರೈತರೂ ಕೈಕಟ್ಟಿ ಕೂತಿರಲಿಲ್ಲ. ವೇಬರ್ನ್ ಎಂಬಲ್ಲಿ ರೈತರು ಸೇರಿ 1976ರಲ್ಲೇ ತಮ್ಮದೇ ದೊಡ್ಡ ಕೇಂದ್ರ ಕಟ್ಟಿಕೊಂಡರು.

ಅತಿ ಹಳೆಯದು ಎಲ್ಲಿದೆ?

ಸಸ್ಕ್ಯಾಚೆವಾನ್‌ನ ಫ್ಲೆಮಿಂಗ್ ಊರಿನಲ್ಲಿತ್ತು. ಲೇಕ್ ಆಫ್ ದ ವುಡ್ಸ್ ಗಿರಣಿ ಕಂಪನಿ 1895ರಲ್ಲಿ ಕಟ್ಟಿದ್ದು, ಮೊದಲು ಕಟ್ಟಿದ ಜಾಗದಲ್ಲೇ ನಿಂತಿತ್ತು. ಊರಿನವರು ದುಡ್ಡು ಕೂಡಿಸಿ ದುರಸ್ತಿ ಮಾಡುತ್ತಿದ್ದರು. 2010ರ ಫೆಬ್ರುವರಿಯಲ್ಲಿ ಬೆಂಕಿಗೆ ಸುಟ್ಟುಹೋಯಿತು. ಒಂದು ರಾತ್ರಿಯಲ್ಲಿ 115 ವರ್ಷ ಹೋಯಿತು.

ಇಂಗ್ಲಿಸ್ ಊರಿನ ಹೆಸರು ಪದೇ ಪದೇ ಬರುತ್ತದೆ. ಅಲ್ಲಿ ಏನಿದೆ?

ಮ್ಯಾನಿಟೋಬಾದ ಪಶ್ಚಿಮ ಅಂಚಿನ ಸಣ್ಣ ಊರು ಇಂಗ್ಲಿಸ್. 1922ರಲ್ಲಿ ಕವಲು ರೈಲು ಬಂತು, ಹಿಂದೆಯೇ ಬೇರೆ ಬೇರೆ ಕಂಪನಿಗಳು ಹಳಿ ಪಕ್ಕದಲ್ಲಿ ಒಂದರ ಪಕ್ಕ ಒಂದು ಎಲಿವೇಟರ್ ಕಟ್ಟಿದವು. ಅಂಥ ಸಾಲು ಒಂದು ಕಾಲಕ್ಕೆ ಎಲ್ಲ ದೊಡ್ಡ ಹಳ್ಳಿಗಳಲ್ಲೂ ಇತ್ತು. ಈಗ ಒಂಟಿ ಎಲಿವೇಟರ್ ಅಲ್ಲಲ್ಲಿ ಸಿಗುತ್ತದೆ, ಸಾಲು ಸಿಗುವುದು ಅಪರೂಪ. 1995ರಲ್ಲಿ ರೈಲು ನಿಲ್ಲುವ ಹೊತ್ತಿಗೆ ಕೆಡವುವ ಮಾತು ಬಂದಾಗ ಊರಿನವರು ಅಡ್ಡ ನಿಂತರು. ಅದೇ ವರ್ಷ ರಾಷ್ಟ್ರೀಯ ಐತಿಹಾಸಿಕ ತಾಣ ಎಂದು ಘೋಷಣೆಯಾಯಿತು.

ಸಾಲು ಯಾಕೆ ಮುಖ್ಯ ಅಂದರೆ, ಅದರಲ್ಲಿ ಪೈಪೋಟಿ ಕಣ್ಣಿಗೆ ಕಾಣುತ್ತದೆ. ಒಂದು ಬಾಗಿಲಲ್ಲಿ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಗಾಡಿ ತಿರುಗಿಸಿ ಪಕ್ಕದ ಬಾಗಿಲಿಗೆ ಹೋಗಬಹುದಿತ್ತು. ರೈತರ ಕಂಪನಿಯದೊಂದು ಎಲಿವೇಟರ್ ಸಾಲಿನಲ್ಲಿ ಇದ್ದರೆ ಮಿಕ್ಕವರೂ ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದರು. ಇಂಗ್ಲಿಸ್ ಸಾಲಿನಲ್ಲಿ ಯುನೈಟೆಡ್ ಗ್ರೇನ್ ಗ್ರೋವರ್ಸ್‌ನದೂ ಇದೆ.

ನಾವು ಕೆನಡಾದಲ್ಲಿದ್ದೇವೆ. ಮಕ್ಕಳಿಗೆ ಎಲ್ಲಿ ತೋರಿಸಬಹುದು?

ಕ್ಯಾಲ್ಗರಿಯವರಿಗೆ ದಕ್ಷಿಣಕ್ಕೆ ಒಂದು ಗಂಟೆ ದಾರಿಯ ನ್ಯಾಂಟನ್ ಹತ್ತಿರ. ಎಡ್ಮಂಟನ್‌ನವರಿಗೆ ಸೇಂಟ್ ಆಲ್ಬರ್ಟ್ ಪಕ್ಕದಲ್ಲೇ ಇದೆ, ಅಲ್ಲಿ 1906ರದೊಂದು, 1929ರದೊಂದು. ಸಸ್ಕಟೂನ್‌ನಿಂದ ಉತ್ತರಕ್ಕೆ ಹೆಪ್‌ಬರ್ನ್ ಊರಿನಲ್ಲಿ ಎಲಿವೇಟರ್ ಒಳಗೇ ಮ್ಯೂಸಿಯಂ ಮಾಡಿದ್ದಾರೆ. ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್‌ನಲ್ಲಿ ಹಳೆಯ ಎಲಿವೇಟರ್ ಕಲಾ ಗ್ಯಾಲರಿಯಾಗಿದೆ. ವಿನಿಪೆಗ್‌ನವರು ಒಂದು ದಿನ ಬಿಡುವು ಮಾಡಿಕೊಂಡು ಇಂಗ್ಲಿಸ್‌ಗೆ ಹೋಗಲಿ, ದೂರವಾದರೂ ಸಾರ್ಥಕ. ಬಹಳಷ್ಟು ಕಡೆ ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ, ಹೊರಡುವ ಮೊದಲು ವಿಚಾರಿಸಿ. ಒಳಗೆ ಹೋದಾಗ ಮೊದಲು ತಕ್ಕಡಿ ಮತ್ತು ಜರಡಿ ತೋರಿಸಿ. ಎತ್ತರ ಹೊರಗಿನಿಂದಲೂ ಕಾಣುತ್ತದೆ.

ಹೊಲದ ನಡುವೆ ಪಾಳು ಬಿದ್ದದ್ದೊಂದು ಕಂಡಿತು. ಒಳಗೆ ಹೋಗಬಹುದಾ?

ಬೇಡ. ಬಹಳಷ್ಟು ಖಾಸಗಿಯವರ ಆಸ್ತಿ. ಹಲಗೆ ಕೊಳೆತಿರುತ್ತದೆ, ನೆಲದ ಗುಂಡಿ ತೆರೆದೇ ಇರುತ್ತದೆ, ಪಾರಿವಾಳದ ಹಿಕ್ಕೆ ಅಡಿಗಟ್ಟಲೆ ಬಿದ್ದಿರುತ್ತದೆ. ರಸ್ತೆಯಿಂದ ಫೋಟೊ ತೆಗೆಯಿರಿ. ಗೋಡೆಯ ಮೇಲೆ ಊರಿನ ಹೆಸರು ಓದಲು ಬಂದರೆ ಅದನ್ನೂ ಬರೆದಿಟ್ಟುಕೊಳ್ಳಿ. ಹೆಸರು ಸಿಕ್ಕರೆ ಯಾವ ರೈಲು ಹಾದಿ, ಯಾವ ಕಂಪನಿ ಎಂದು ಪ್ರಾಂತ್ಯದ ದಾಖಲೆಗಳಲ್ಲಿ ಹುಡುಕುವುದು ಸುಲಭ.